ಕೊಳಗದಿಂದ ಚದರಡಿಗೆ

ಹೋದ ವಾರ ರಾಗಿಗೆ ಕುಂಟೆ ಹೊಡೀತಿದ್ದೆ. ರಸ್ತೆ ಬದಿ ಕಾರು ನಿಲ್ಲಿಸಿ ಒಬ್ರು ಇಳಿದ್ರು. "ಯಜಮಾನ್ರೇ, ಅಡಿಗೇನು ರೇಟು ಹೇಳ್ತೀರಿ?" ಅಂದ್ರು. ಎಕರೆಗಲ್ಲ, ಗುಂಟೆಗೂ ಅಲ್ಲ, ಅಡಿಗೆ!

ನಮ್ಮ ತಾತ ಇದೇ ನೆಲವನ್ನ "ಮೂರು ಕೊಳಗದ ಹೊಲ" ಅಂತಿದ್ರು. ಅಂದ್ರೆ ಮೂರು ಕೊಳಗ ಬೀಜ ಹಿಡಿಯೋ ನೆಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯ ಖಂಡುಗವೇ ಬೇರೆ, ಹೊಲದ ಖಂಡುಗವೇ ಬೇರೆ. ಆ ಅಳತೆ ಕೇಳ್ತಿದ್ದಿದ್ದು ಒಂದೇ: ಇಲ್ಲಿ ಎಷ್ಟು ಬಿತ್ತಬಹುದು?

1863ರಲ್ಲಿ ಮೈಸೂರು ಸೀಮೆಗೆ ಕಂದಾಯ ಸರ್ವೆ ಬಂತು. ಸರಪಳಿ ಎಳೆದ್ರು, ಕಲ್ಲು ನೆಟ್ರು, ಎಕರೆ-ಗುಂಟೆ ಆಯ್ತು. ಈ ಅಳತೆ ಕೇಳಿದ್ದು: ಸರ್ಕಾರಕ್ಕೆ ಎಷ್ಟು ಕಂದಾಯ ಬರುತ್ತೆ?

ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಗೇಣಿ ಅಳೆದು ಕೊಟ್ಟು ಬರಿಗೈಲಿ ಬಂದವರು ನಮ್ಮಲ್ಲೂ ಇದ್ದಾರೆ. ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಫಾರಂ 7 ತುಂಬಿದ ಗೇಣಿದಾರ ಒಡೆಯನಾದ. ಕೃಷಿಕರಲ್ಲದವರು ಜಮೀನು ಕೊಳ್ಳದ ಹಾಗೆ ಅದೇ ಕಾಯ್ದೆಯಲ್ಲಿ 79ಎ, 79ಬಿ ಕಲಂಗಳೂ ಬೇಲಿಯಾಗಿದ್ವು. 2020ರಲ್ಲಿ ಆ ಬೇಲಿ ಕಿತ್ರು.

ಈಗ ಒಂದು ಎಕರೆ ಅಂದ್ರೆ 43,560 ಚದರಡಿ. ಈ ಅಳತೆ ಕೇಳೋದು: ಎಷ್ಟು ಸೈಟು ಆಗುತ್ತೆ?

ಕಾರ್ಲ್ ಪೊಲಾನಿ ಅನ್ನೋ ಚಿಂತಕ 1944ರಲ್ಲೇ ಬರೆದ: ಭೂಮಿಯನ್ನ ಯಾರೂ ಮಾರೋಕೆ ಅಂತ ತಯಾರು ಮಾಡಿಲ್ಲ, ಆದ್ರೂ ಮಾರುಕಟ್ಟೆ ಅದನ್ನ ಸರಕು ಅಂತಲೇ ನಡೆಸಿಕೊಳ್ಳುತ್ತೆ. ನಮ್ಮ ತುಮಕೂರು-ಗುಬ್ಬಿ ರಸ್ತೇಲಿ ನಿಂತ್ರೆ ಈ ಮಾತು ಕಣ್ಣಿಗೇ ಕಾಣುತ್ತೆ. ಹೊಲದ ಬೆಲೆ ರಾಗಿಯಿಂದ ಹುಟ್ಟಲ್ಲ, ರಸ್ತೆಯಿಂದ ಹುಟ್ಟುತ್ತೆ. ಆ ಬೆಲೆ ಮುಂದೆ ಇಟ್ಟುಕೊಂಡು ನೋಡಿದ್ರೆ ಎಷ್ಟು ಚೆನ್ನಾಗಿ ಬೆಳೆದ್ರೂ ಬೇಸಾಯ ದಡ್ಡತನ ಅನ್ಸುತ್ತೆ. ನಾವು ಸೋತಿಲ್ಲ, ಅಳತೆಗೋಲು ಬದಲಾಗಿದೆ.

ಪಕ್ಕದ ಪಾಲು ನನ್ನ ತಮ್ಮಂದು. ಎರಡು ಬೋರು ಕೈಕೊಟ್ಟಿವೆ, ಮಗಳ ಕಾಲೇಜು ಫೀಸು ತಲೆ ಮೇಲಿದೆ. ಅವನು ಮಾರ್ತೀನಿ ಅಂದ್ರೆ ಬೈಯೋಕೆ ನನಗೆ ಬಾಯಿಲ್ಲ. ಒಂದೇ ಕೇಳ್ಕೊಂಡೆ: "ಸಾಲಕ್ಕೆ ಎಷ್ಟು ಬೇಕೋ ಅಷ್ಟರ ಲೆಕ್ಕ ಮೊದಲು ಕೂತು ಮಾಡೋಣ ಕಣೋ, ಅಡಿ ಲೆಕ್ಕ ಆಮೇಲೆ." ಅವನಿನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಕಾರಿನವರಿಗೆ ನಾನು ಹೇಳಿದ್ದು: "ಮೂರು ಕೊಳಗ ಸ್ವಾಮಿ." ಅವರಿಗೆ ಅರ್ಥ ಆಗ್ಲಿಲ್ಲ.

ನಿಮ್ಮ ಹೊಲ ಎಷ್ಟು ಕೊಳಗದ್ದು? ಮನೇಲಿ ಹಿರಿಯರಿದ್ರೆ ಕೇಳಿ ಬರೀರಿ.