ದಫ್ತರ ಕೈ ಬದಲಿಸಿದ ಬಗೆ

1873ರಲ್ಲಿ ಗುಲಬರ್ಗಾ ಜಿಲ್ಲೆಯಾಯಿತು. ನಮ್ಮ ಕಂದಾಯ ಆಡಳಿತಕ್ಕೆ ಒಂದೂವರೆ ಶತಮಾನ ತುಂಬಿದ ಲೆಕ್ಕ ಅಲ್ಲಿಂದ. ಸ್ಮರಣ ಸಂಚಿಕೆಗಳಲ್ಲಿ ಬಂದು ಹೋದ ಸಾಹೇಬರ ಪಟ್ಟಿ ಹೇಗೂ ಇರುತ್ತದೆ. ನಾನು ಹೇಳಹೊರಟದ್ದು ದಫ್ತರದ ಕಥೆ: ಜಮೀನಿನ ಲೆಕ್ಕ ಯಾರ ಕೈಯಲ್ಲಿತ್ತು, ಯಾರ ಕೈಗೆ ಹೋಯಿತು. ಈ ಭಾಗದಲ್ಲಿ ಸುಧಾರಣೆ ಎಂದು ನಡೆದದ್ದರಲ್ಲಿ ಬಹುಪಾಲು ಅದೇ.

ಮೊದಲು ಕೈ ಹಾಕಿದವರು ಸಾಲಾರ್ ಜಂಗ್. 1853ರಲ್ಲಿ ಅವರು, ನಮ್ಮ ಭಾಗ ಸೇರಿದ್ದ ನಿಜಾಮರ ಹೈದರಾಬಾದಿನ ದಿವಾನರಾದಾಗ ಖಜಾನೆ ಬರಿದಾಗಿತ್ತು. ಕಂದಾಯ ವಸೂಲಿ ಗುತ್ತಿಗೆದಾರರ ಪಾಲಾಗಿತ್ತು. ಮುಂಗಡ ಕೊಟ್ಟವನು ರೈತನಿಂದ ಎಷ್ಟು ಹಿಂಡಿದರೂ ಕೇಳುವವರಿರಲಿಲ್ಲ. ಸಾಲಾರ್ ಜಂಗ್ ಆ ಗುತ್ತಿಗೆಗಳನ್ನು ಒಂದೊಂದಾಗಿ ಕಿತ್ತು, ಸಂಬಳದ ಅಧಿಕಾರಿಗಳನ್ನು ಕೂರಿಸಿದರು. 1865ರ ಜಿಲಾಬಂದಿಯಲ್ಲಿ ರಾಜ್ಯ ಜಿಲ್ಲೆಗಳಾಗಿ ಹಂಚಿಹೋಯಿತು. ಇಂದಿನ ಜಿಲ್ಲಾಧಿಕಾರಿಯ ಜಾಗದಲ್ಲಿ ಆಗ ಕೂತವನು ಅವ್ವಲ್ ತಾಲೂಕುದಾರ. ಕಚೇರಿಯ ಭಾಷೆ ಪಾರಸಿ; 1884ರಿಂದ ಉರ್ದು.

ಸಂಬಳದ ನೌಕರ ಬಂದದ್ದು ಕಸಬೆಯ ತನಕ ಮಾತ್ರ. ಹಳ್ಳಿಯ ದಫ್ತರ ವತನದಾರರ ಮನೆಯಲ್ಲೇ ಉಳಿಯಿತು. ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಎಂಬವು ಹುದ್ದೆಗಳು. ತಂದೆಯಿಂದ ಮಗನಿಗೆ ಇಳಿದು ಬರುವಂಥವು. ಹುದ್ದೆ ಹೋದ ಮೇಲೂ ಅವು ಅಡ್ಡಹೆಸರಾಗಿ ನಮ್ಮ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಗಟ್ಟಿಯಾಗಿ ಕುಳಿತಿವೆ. 1948ರ ಪೊಲೀಸ್ ಕಾರ್ಯಾಚರಣೆಯೂ 1956ರ ಏಕೀಕರಣವೂ ಈ ದಫ್ತರವನ್ನು ಅಲ್ಲಾಡಿಸಲಿಲ್ಲ. ಗ್ರಾಮಾಧಿಕಾರಗಳ ರದ್ದತಿಗೆಂದು 1961ರಲ್ಲಿ ಮಾಡಿದ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗಲೇ ಅದು ವತನದಾರನ ಮನೆಯಿಂದ ಹೊರಬಿದ್ದದ್ದು.

ಹೊರಬಿದ್ದು ಸೇರಿದ್ದು ಗ್ರಾಮ ಲೆಕ್ಕಿಗನ ಚೀಲವನ್ನು. ಒಬ್ಬ ಲೆಕ್ಕಿಗನಿಗೆ ಮೂರು ನಾಲ್ಕು ಹಳ್ಳಿ. ಇಂದು ಇಲ್ಲಿ, ನಾಳೆ ಅಲ್ಲಿ. ಬ್ಯಾಂಕಿನಲ್ಲಿ ಬೆಳೆಸಾಲ ಕೇಳಲು ಪಹಣಿ ಬೇಕೆಂದವನಿಗೆ ಸಿಗುತ್ತಿದ್ದ ಉತ್ತರ ‘ನಾಳಿ ಬರ್ರಿ ಕಾಕಾ’. ಅಣ್ಣತಮ್ಮಂದಿರ ಪಾಲಾದ ಮೇಲೆ ಹೆಸರು ಏರಿಸುವುದಕ್ಕಂತೂ ವರ್ಷಗಟ್ಟಲೆ ಓಡಾಟ. ತಿದ್ದಿದ ಶಾಯಿ ಯಾವುದು, ಮೂಲ ಯಾವುದು ಎಂದು ಹೇಳಬಲ್ಲವನು ಲೆಕ್ಕಿಗ ಒಬ್ಬನೇ. ಅವನ ಅಧಿಕಾರವೆಲ್ಲ ಇದ್ದದ್ದು ಅಲ್ಲೇ.

ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ‘ಭೂಮಿ’ ಯೋಜನೆ ಮುಟ್ಟಿದ್ದು ಈ ಚೀಲವನ್ನೇ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ತಾಲೂಕು ಕಚೇರಿಯ ಕಿಂಡಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಯಾರಿಗಾದರೂ ಪಹಣಿ ಸಿಗುತ್ತಿತ್ತು; ಕೈಬರಹದ ಪಹಣಿಗೆ ಬೆಲೆ ಇಲ್ಲ. ಸಿಬ್ಬಂದಿ ಬೆರಳಚ್ಚು ಒತ್ತದೆ ಗಣಕ ತೆರೆಯದು, ಆಮೇಲೆ ‘ನಾನು ಮಾಡಿಲ್ಲ’ ಎನ್ನುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ನನ್ನ ಮಟ್ಟಿಗೆ ಇಡೀ ಯೋಜನೆಯ ಜೀವಾಳ ಈ ಸರದಿ. 15 ರೂಪಾಯಿಯ ಕಾಗದವನ್ನು ಹೊಗಳಿದಷ್ಟು ಯಾರೂ ಇದನ್ನು ಹೊಗಳಲಿಲ್ಲ. ಹಾಗೆಂದು 11ನೇ ಕಾಲಂನ ಋಣದ ನಮೂದು ತಪ್ಪಿದ್ದರೆ ಗಣಕ ಅದನ್ನೂ ಅಚ್ಚುಕಟ್ಟಾಗಿಯೇ ಮುದ್ರಿಸಿಕೊಡುತ್ತದೆ. ತಿದ್ದಿಸಲು ಮತ್ತೆ ಸಾಹೇಬರ ಬಾಗಿಲಿಗೇ ಹೋಗಬೇಕು.

ಭೂಮಿ ದಫ್ತರವನ್ನು ಚೀಲದಿಂದ ತೆಗೆಯಿತು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಯೋಜನೆ ಅದಕ್ಕೆ ಗಡಿಯಾರ ಕಟ್ಟಿತು. 2012ರ ಮಾರ್ಚಿ 1ರಂದು ಪ್ರಯೋಗಕ್ಕೆ ಆರಿಸಿದ ನಾಲ್ಕು ತಾಲೂಕುಗಳಲ್ಲಿ ನಮ್ಮ ವಿಭಾಗದ ಔರಾದವೂ ಒಂದು. ಏಪ್ರಿಲ್ 2ರಿಂದ ಇಡೀ ರಾಜ್ಯದಲ್ಲಿ 11 ಇಲಾಖೆಗಳ 151 ಸೇವೆಗಳಿಗೆ ದಿನದ ಗಡುವು ಬಂತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ಮೀರದ ಪರಿಹಾರ. ಅದೂ ತಡಮಾಡಿದವನ ಸಂಬಳದಿಂದ. ಪರಿಹಾರ ಕೇಳುವ ಧೈರ್ಯ ನಮ್ಮ ಜನಕ್ಕೆ ಕಡಿಮೆ, ನಾಳೆ ಮತ್ತೆ ಅದೇ ಕಚೇರಿಗೆ ಹೋಗಬೇಕಲ್ಲ! ಆದರೂ ಕೈಯಲ್ಲಿ 15 ಅಂಕಿಯ ಸ್ವೀಕೃತಿ ಸಂಖ್ಯೆ ಇದ್ದವನ ಜೊತೆ ಗುಮಾಸ್ತ ಮಾತಾಡುವ ರೀತಿ ಬೇರೆ.

ಗಡುವು ಕಟ್ಟಿದರೂ ಕುರ್ಚಿಯಲ್ಲಿ ಆಳು ಬೇಕು. ಹುಮನಾಬಾದ್ ರಸ್ತೆಯ ಮೇಲಿನ ಕಮಲಾಪುರ 2018ರಲ್ಲಿ ತಾಲೂಕಾಯಿತು. ಬೋರ್ಡು ಒಂದೇ ದಿನದಲ್ಲಿ ಬರುತ್ತದೆ. ಸರ್ವೆಯರ್, ಶಿರಸ್ತೇದಾರ್, ರೆಕಾರ್ಡ್ ಕೀಪರ್ ಹಾಗೆ ಬರುವುದಿಲ್ಲ. ಬೆಂಗಳೂರು, ಮೈಸೂರಿನಿಂದ ಬಂದವರು ವರ್ಗಾವಣೆ ಮಾಡಿಸಿಕೊಂಡು ಹೋಗುವುದು ನಮ್ಮ ಭಾಗದ ಹಳೆಯ ರೋಗ. ವೈಜನಾಥ ಪಾಟೀಲರಂಥವರು ಹೋರಾಡಿ ತಂದ 371(ಜೆ), ಸಂವಿಧಾನದ 98ನೇ ತಿದ್ದುಪಡಿ, ಹೊರಟಿದ್ದು ಇದರ ಮದ್ದಿಗೆ: ಸ್ಥಳೀಯರಿಗೆ ‘ಸಿ’ ದರ್ಜೆಯಲ್ಲಿ ಶೇ 80, ‘ಡಿ’ ದರ್ಜೆಯಲ್ಲಿ ಶೇ 85 ಹುದ್ದೆ. ಮೀಸಲು ಸಿಕ್ಕಿತು. ಆದರೆ ಮೀಸಲಿಟ್ಟ ಹುದ್ದೆಗೆ ಅರ್ಜಿ ಕರೆಯುವುದೇ ತಡವಾದರೆ ಶೇಕಡಾವಾರು ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಇತ್ತ ಲೆಕ್ಕಿಗ ‘ಗ್ರಾಮ ಆಡಳಿತ ಅಧಿಕಾರಿ’ಯಾಗಿದ್ದಾನೆ, ಚೀಲದ ಬದಲು ಮೊಬೈಲು ತುಂಬ ಆ್ಯಪ್ ಹೊತ್ತು.

ಈಗ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲೂಕು ಅಭಿಲೇಖಾಲಯಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ನಮ್ಮ ಕಡತಗಳಲ್ಲಿ ನಿಜಾಮರ ಕಾಲದವು ಉರ್ದುವಿನಲ್ಲಿವೆ, ಅದೂ ಕಚೇರಿಯ ಗೀಚು ಬರಹದ ಶಿಕಸ್ತಾ. ತಕರಾರು ಬಂದಾಗ ಕೋರ್ಟು ಕೇಳುವುದು ಆ ಹಾಳೆಯನ್ನೇ. ಅದನ್ನು ಓದಿ ಕನ್ನಡಕ್ಕೆ ಇಳಿಸಬಲ್ಲವರು ವಯಸ್ಸಾದವರು, ಬೆರಳೆಣಿಕೆಯ ಮಂದಿ. ಇಂಥ ಅನುವಾದಕರ ಹುದ್ದೆಯನ್ನು ಈ ವಿಭಾಗದ ಪ್ರತಿ ತಾಲೂಕಿಗೂ ಮಂಜೂರು ಮಾಡಬೇಕು, ಆ ಹಿರಿಯರು ಇರುವಾಗಲೇ ಅವರಿಂದ ಹೊಸಬರಿಗೆ ತರಬೇತಿ ಕೊಡಿಸಬೇಕು.