ಹಾಜರಿ ಪುಸ್ತಕದ ಮಕ್ಕಳು

ನಿಪ್ಪಾಣಿಯ ತಂಬಾಕಿನ ಪೇಟೆ ಏರುತ್ತಿದ್ದ ಕಾಲದಲ್ಲಿ, ದೂಧಗಂಗಾ ವೇದಗಂಗಾ ನದಿಗಳ ಸೀಮೆಯಲ್ಲಿ ಸುಗ್ಗಿ ಮುಗಿಯುತ್ತಲೇ ಬಿಡಾರಗಳು ಬಂದಿಳಿಯುತ್ತಿದ್ದವು. ಕೈಕಾಡಿಗಳು ಬುಟ್ಟಿ ಹೆಣೆದು ಕೊಡುತ್ತಿದ್ದರು. ಹರಣಶಿಕಾರಿಗಳು ಉರುಳು ಹಾಕಿ ಕವುಜುಗ ಹಿಡಿಯುತ್ತಿದ್ದರು. ಕೊರಚರು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುತ್ತಿದ್ದರು. ರೈತ ಕಾಳು ಅಳೆದು ಕೊಡುತ್ತಿದ್ದ, ಕೊಟ್ಟಿಗೆಯ ಮೇಲೂ ಒಂದು ಕಣ್ಣಿಡುತ್ತಿದ್ದ. ರೈಲು ಬಂದ ಮೇಲೆ ಉಪ್ಪಿನ ವ್ಯಾಪಾರ ಕೆಟ್ಟಿತು. ಕಾಡಿಗೆ ಕಾವಲುಗಾರ ಬಂದ. ಹೊಟ್ಟೆಯ ದಾರಿ ಮುಚ್ಚಿದವರನ್ನು ಸರಕಾರ ಹುಟ್ಟುಗಳ್ಳರೆಂದು ಬರೆದುಕೊಂಡಿತು.

ಆ ಬರಹಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಂದು ಹೆಸರು. ಮೊದಲು ಉತ್ತರ ಹಿಂದೂಸ್ತಾನಕ್ಕಿದ್ದ ಈ ಕಾನೂನು 1911ರಲ್ಲಿ ಹೊಸ ರೂಪ ತಳೆದು ಮುಂಬಯಿ ಇಲಾಖೆಗೂ ಹಬ್ಬಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿಯದು. ಚಿಕ್ಕೋಡಿ, ಅಥಣಿಗಳೂ ಅದರೊಳಗೇ. ಪಟ್ಟಿಗೆ ಸೇರಿದ ಜಾತಿಯವರು ಬೆರಳಚ್ಚು ಕೊಡಬೇಕು, ಕರೆದಾಗ ಹಾಜರಿ ಹೇಳಬೇಕು, ಊರು ಬಿಡಲು ಪಾಸು ಪಡೆಯಬೇಕು. ಕಳವು ಮಾಡಿದವನಿಗೂ ಮಾಡದವನಿಗೂ ಒಂದೇ ಕಟ್ಟಳೆ.

ದೊಡ್ಡವರ ಕಥೆ ಇಷ್ಟಾದರೆ ಮಕ್ಕಳದು ಬೇರೆಯೇ. ಕಳ್ಳತನ ರಕ್ತದಲ್ಲಿ ಹರಿದು ಬರುತ್ತದೆಂದು ನಂಬಿದ ಆಳರಸರಿಗೆ, ಮಗುವನ್ನು ತಾಯಿಯಿಂದ ಬಿಡಿಸಿದರೆ ಆ ಹರಿವು ನಿಂತೀತೆಂಬ ಆಸೆಯೂ ಇತ್ತು. ಎರಡೂ ಒಟ್ಟಿಗೆ ನಿಲ್ಲುವ ಮಾತಲ್ಲ, ಆದರೂ ಎರಡನ್ನೂ ನಂಬಿದರು. 1897ರ ತಿದ್ದುಪಡಿ ನಾಲ್ಕು ವರ್ಷದ ಗಂಡುಮಕ್ಕಳನ್ನೂ ಸುಧಾರಣಾ ವಸತಿಗೆ ಎಳೆದೊಯ್ಯುವ ಅಧಿಕಾರ ಕೊಟ್ಟಿತು. 1924ರ ಕಾಯ್ದೆಯ 17ನೆಯ ಕಲಮು ಆರರ ಮೇಲಿನ, ಹದಿನೆಂಟರೊಳಗಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಕೈಗಾರಿಕಾ ಶಾಲೆಗೋ ಸುಧಾರಣಾ ಶಾಲೆಗೋ ಸೇರಿಸಬಹುದೆಂದಿತು. ಮಗುವಿನ ವಯಸ್ಸು ಎಷ್ಟೆಂಬುದರಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮಾತೇ ಕೊನೆಯದು. ಬಿಡಾರದಲ್ಲಿ ಹೆತ್ತವಳು ಮಗುವಿನ ಹುಟ್ಟನ್ನು ಜಾತ್ರೆಯಿಂದಲೋ ಬರಗಾಲದಿಂದಲೋ ಎಣಿಸುವವಳು. ಅವಳ ಲೆಕ್ಕ ಕಚೇರಿಯಲ್ಲಿ ನಡೆಯುತ್ತಿರಲಿಲ್ಲ.

ಈ ಸೀಮೆಯಲ್ಲಿ ಕಾಯ್ದೆಗೆ ಮೈ ಕೊಟ್ಟವನು ಐಸಿಎಸ್ ಅಧಿಕಾರಿ ಓ. ಎಚ್. ಬಿ. ಸ್ಟಾರ್ಟ್. ಪಟ್ಟಿಗೆ ಸೇರಿದವರನ್ನು ಕಾವಲಿನಲ್ಲಿ ಇರಿಸುವ ವಸತಿಗೆ ಸೆಟ್ಲಮೆಂಟು ಎಂದು ಹೆಸರು. ವಿಜಾಪುರದಲ್ಲಿ ಮೊದಲಾದ ಅದು ಹುಬ್ಬಳ್ಳಿ, ಗದಗ, ಬಾಗಲಕೋಟೆ, ಖಾನಾಪುರಗಳಿಗೆ ಹಬ್ಬಿತು. ಚಿಕ್ಕೋಡಿಗೆ ಹತ್ತಿರದ ಗೋಕಾಕ ಫಾಲ್ಸ್‌ನಲ್ಲೂ ಒಂದು ಎದ್ದಿತು. ಗೋಕಾಕದಲ್ಲಿ ಅರಳೆಯ ಗಿರಣಿ, ಹುಬ್ಬಳ್ಳಿಯಲ್ಲಿ ಗಿರಣಿಯ ಜೊತೆಗೆ ರೈಲ್ವೆ ಕಾರ್ಖಾನೆ. ಗಿರಣಿಗೆ ಓಡಿಹೋಗಲಾರದ ಆಳುಗಳು ಬೇಕಿದ್ದರು, ಸರಕಾರಕ್ಕೆ ಕಣ್ಣಳತೆಯಲ್ಲಿ ಉಳಿಯುವ ಪ್ರಜೆಗಳು ಬೇಕಿದ್ದರು. ಕೆಲವು ಸೆಟ್ಲಮೆಂಟುಗಳ ಆಡಳಿತವನ್ನು ಮಿಶನರಿಗಳು ವಹಿಸಿಕೊಂಡರು. ಮಕ್ಕಳಿಗೆ ಶಾಲೆ ಕಡ್ಡಾಯ. ಹೊತ್ತು ಮುಳುಗಿದ ಮೇಲೆ ಕಂದೀಲಿನ ಬೆಳಕಿನಲ್ಲಿ ಹಾಜರಿ ಪುಸ್ತಕ ತೆರೆಯುತ್ತಿತ್ತು. ಹೆಸರು ಕೂಗಿದಾಗ ಓಗೊಡದಿದ್ದರೆ ಶಿಕ್ಷೆ.

ಸ್ಟಾರ್ಟ್‌ನನ್ನು ಕ್ರೂರಿಯೆನ್ನಲು ಮನಸ್ಸಾಗದು. ಅವನ ಕಾಲದ ಶಾಲೆಗಳಲ್ಲಿ ಅಕ್ಷರ ಕಂಡವರ ಮನೆಗಳಲ್ಲಿ ಮುಂದೆ ನೌಕರಿಗಳೂ ಬಂದವು. ಆದರೆ ಕಲಿಸಿದ ಕೈಯೇ ಕಾವಲೂ ಕಾಯುತ್ತಿತ್ತು. ಬುಟ್ಟಿಯ ಹೆಣಿಗೆ, ಉರುಳಿನ ಕುಣಿಕೆ, ಮನೆಯೊಳಗೆ ಆಡುತ್ತಿದ್ದ ಭಾಷೆ, ಎಲ್ಲವೂ ನಾಚಿಕೆಯ ವಸ್ತುಗಳೆಂದು ಆ ಮಕ್ಕಳು ಕಲಿತರು. ದಯೆಯಿಂದ ಮಾಡಿದ್ದೆಂಬ ಕಾರಣಕ್ಕೆ ಈ ತಪ್ಪು ಹಗುರಾಗುವುದಿಲ್ಲ.

ಬೇರೆ ದಾರಿ ಇರಲಿಲ್ಲವೆಂದೇನಲ್ಲ. ನಿಪ್ಪಾಣಿಯ ಆಚೆಗೆ ಕಾಗಲ, ಅದರಾಚೆ ಕೊಲ್ಲಾಪುರ. ಆಗ ರಾಯಬಾಗವೂ ಕೊಲ್ಲಾಪುರ ಸಂಸ್ಥಾನದ್ದೇ. ಕಾಗಲದ ಘಾಟಗೆ ಮನೆತನದಿಂದ ಬಂದ ಶಾಹು ಮಹಾರಾಜರು ಉರುಳು ಹಾಕಿ ಬೇಟೆಯಾಡುತ್ತಿದ್ದ ಫಾಸೆಪಾರ್ಧಿಗಳನ್ನು ಕರೆಸಿ ಕೆಲಸ ಕೊಟ್ಟರು, ಹಾಜರಿಯ ಪದ್ಧತಿಯನ್ನು ಎತ್ತಿಹಾಕಿದರು. ಕಳ್ಳನೆನಿಸಿಕೊಂಡವನ ಕೈಗೆ ಕಾವಲು ಕೊಟ್ಟ ಅರಸ ಅವರು. ಬ್ರಿಟಿಷ್ ಕಲೆಕ್ಟರನಿಗೆ ಅಷ್ಟು ಧೈರ್ಯ ಇರಲಿಲ್ಲ.

ಮಕ್ಕಳನ್ನು ಹೆತ್ತವರಿಂದ ಬಿಡಿಸಿದ್ದು ಈ ಸೀಮೆಯಲ್ಲಷ್ಟೇ ಅಲ್ಲ. ಅದೇ ದಶಕಗಳಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ 1915ರಲ್ಲಿ ಮೂಲನಿವಾಸಿ ಮಕ್ಕಳನ್ನು ಕೋರ್ಟಿನ ಗೊಡವೆಯಿಲ್ಲದೆ ಎತ್ತಿಕೊಂಡು ಹೋಗುವ ಕಾನೂನು ಮಾಡಿತು. ಕೆನಡಾ 1920ರಲ್ಲಿ ತನ್ನ ಮೂಲನಿವಾಸಿ ಮಕ್ಕಳಿಗೆ ವಸತಿಶಾಲೆಗಳನ್ನು ಕಡ್ಡಾಯ ಮಾಡಿತು. ಆ ಎರಡೂ ದೇಶಗಳ ಪ್ರಧಾನಿಗಳು 2008ರಲ್ಲಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು.

ನಮ್ಮಲ್ಲಿ 1949ರಲ್ಲಿ ಮುಂಬಯಿ ಸರಕಾರ ಕಾಯ್ದೆಯನ್ನು ಕೈಬಿಟ್ಟಿತು. 1952ರ ಆಗಸ್ಟ್ 31ರಂದು ಅದು ದೇಶದೆಲ್ಲೆಡೆ ಹೋಯಿತು. ಪಟ್ಟಿಯಲ್ಲಿದ್ದವರಿಗೆ ವಿಮುಕ್ತರೆಂಬ ಹೆಸರು ಬಂತು. ಬೆನ್ನಿಗೇ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು. ಕರ್ನಾಟಕವೂ 1961ರಲ್ಲಿ ತನ್ನದೊಂದನ್ನು ಮಾಡಿತು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟು ಇದ್ದ ಓಣಿಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ಅಲ್ಲಿಯವನೆಂದರೆ ಬಾಡಿಗೆಗೆ ಮನೆ ಕೊಡುವವರು ಎರಡು ಸಲ ಯೋಚಿಸುತ್ತಾರೆ, ಊರಲ್ಲಿ ಕಳವಾದರೆ ಪೊಲೀಸರ ಜೀಪು ಮೊದಲು ಅತ್ತ ತಿರುಗುತ್ತದೆ. ಅಜ್ಜಿ ಮನೆಯೊಳಗೆ ಆಡುತ್ತಿದ್ದ ಮಾತು ಮೊಮ್ಮಗನಿಗೆ ಅರೆಬರೆ ತಿಳಿಯುತ್ತದೆ. ಓಣಿಯ ಹೆಸರು ಹೇಳಲು ಅವನು ಇನ್ನೂ ಹಿಂಜರಿಯುತ್ತಾನೆ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನ ಕೈಪಿಡಿಗಳಲ್ಲಿ ವಿಮುಕ್ತ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಾಣುವ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಕಾಯ್ದೆ ಹೋಗಿ ಆಗಲೇ ಎಪ್ಪತ್ತೆರಡು ವರ್ಷ ಕಳೆದಿದ್ದವು.