ಗಟ್ಟಿ ಉಕ್ಕನ್ನೇ ಮುರಿಯುವ ಹೈಡ್ರೋಜನ್

2013ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ-ಓಕ್ಲ್ಯಾಂಡ್ ಬೇ ಸೇತುವೆಯ ಹೊಸ ಪೂರ್ವ ಭಾಗದಲ್ಲಿ ಮೂರು ಇಂಚು ದಪ್ಪದ 96 ಉಕ್ಕಿನ ರಾಡ್‌ಗಳನ್ನು ಎಳೆದು ಬಿಗಿ ಮಾಡಿದರು. ಎರಡೇ ವಾರದಲ್ಲಿ 32 ರಾಡ್ ಪಟಪಟನೆ ತುಂಡಾದವು. ಸೇತುವೆ ಮೇಲೆ ಆಗಿನ್ನೂ ಒಂದು ವಾಹನವೂ ಓಡಿರಲಿಲ್ಲ!

ಕಾರಣ ಹೈಡ್ರೋಜನ್. ಅದರ ಪರಮಾಣು ಎಷ್ಟು ಚಿಕ್ಕದೆಂದರೆ ಕಬ್ಬಿಣದ ಪರಮಾಣುಗಳ ಸಂದಿಯಲ್ಲೇ ನುಸುಳುತ್ತೆ. ಹೆಚ್ಚು ಎಳೆತವಿರುವ ಜಾಗಕ್ಕೆ, ಅಂದರೆ ಬೋಲ್ಟ್ ಮರೆಯ ಬುಡದಂಥ ಕಡೆಗೆ, ನಿಧಾನವಾಗಿ ಸೇರಿಕೊಂಡು ಉಕ್ಕನ್ನು ಪೆಡಸು ಮಾಡುತ್ತೆ. ಹಾಗಾಗಿ ಬಿಗಿ ಮಾಡಿದ ದಿನ ಸರಿಯಿದ್ದದ್ದು ಆಮೇಲೆ ಬಿರುಕು ಬಿಡುತ್ತೆ. ಉಕ್ಕು ಗಟ್ಟಿಯಾದಷ್ಟೂ ಅಪಾಯ ಜಾಸ್ತಿ.

ಇದು ಹೊಸ ಸಂಗತಿಯೇನಲ್ಲ. ಆಸಿಡ್‌ನಲ್ಲಿ ಅದ್ದಿದ ಕಬ್ಬಿಣದ ತಂತಿ ಪೆಡಸಾಗುತ್ತೆ, ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತೆ ಅಂತ ಡಬ್ಲ್ಯು. ಎಚ್. ಜಾನ್ಸನ್ 1875ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದರು. ಪ್ಲೇಟಿಂಗ್ ಆದ ಗಟ್ಟಿ ಬೋಲ್ಟ್‌ಗಳನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸುವುದು, ವೆಲ್ಡಿಂಗ್ ರಾಡನ್ನು ಓವನ್‌ನಲ್ಲಿ ಒಣಗಿಸುವುದು ಇದಕ್ಕೇ. ಒದ್ದೆ ರಾಡಿನ ತೇವದಿಂದಲೂ ಹೈಡ್ರೋಜನ್ ಒಳಗೆ ಹೋಗುತ್ತೆ.

ಆದರೆ ಆಮೇಲೆ ತುಕ್ಕಿನಿಂದ ಹುಟ್ಟುವ ಹೈಡ್ರೋಜನ್‌ಗೆ ಈ ಕಾಯಿಸುವಿಕೆ ಉತ್ತರವಲ್ಲ. ಬೇ ಸೇತುವೆಯ ರಾಡ್‌ಗಳಿಗೆ ಸತುವಿನ ಲೇಪವಿತ್ತು. ಆದರೂ 2008ರಿಂದ ನೀರು ನಿಲ್ಲುವ ರಂಧ್ರಗಳಲ್ಲೇ ಅವನ್ನು ಬಿಟ್ಟಿದ್ದರು. ಇಂಥ ಗಟ್ಟಿ ಉಕ್ಕಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ರಾಡ್‌ಗಳನ್ನು ಹೊರತೆಗೆದು ಬದಲಿಸಲು ಜಾಗವೂ ಇರಲಿಲ್ಲ. ಕೊನೆಗೆ ಅವುಗಳ ಕೆಲಸ ಮಾಡಲು ಉಕ್ಕಿನ ಸ್ಯಾಡಲ್ ಕೂರಿಸಬೇಕಾಯಿತು.